ಕಸೂತಿಯ ಎಳೆ ಹಿಡಿದು ಪರದೇಶ ಪ್ರವಾಸ

ನಮ್ಮ ಹಿರಿಯರಿಗೆ ಪ್ರವಾಸವೆಂದರೆ ಯಾತ್ರೆಯೇ ಆಗಿತ್ತು. ಉಳವಿಗೋ, ಕೂಡಲಸಂಗಮಕ್ಕೋ, ಶ್ರೀಶೈಲಕ್ಕೋ ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿಕೊಂಡು ಹೊರಡುತ್ತಿದ್ದರು. ಎಲ್ಲಿಗೆ ಹೊರಟಿದ್ದೇವೆ, ಏತಕ್ಕಾಗಿ ಹೊರಟಿದ್ದೇವೆ ಎಂಬೆರಡು ಪ್ರಶ್ನೆಗಳಿಗೂ ಅವರಲ್ಲಿ ಉತ್ತರವಿತ್ತು. ಈಗ ಕಾಲ ಬದಲಾಗಿದೆ. ಮಕ್ಕಳು ಓದಿ, ದುಡಿದು, ತಂದೆತಾಯಿಗಳನ್ನು ಹೊರದೇಶಕ್ಕೆ ಕರೆದೊಯ್ಯಬೇಕೆಂದು ಹಂಬಲಿಸುವ ದಿನಗಳು ಬಂದಿವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಎಲ್ಲಿಗೆ ಎಂಬುದಕ್ಕೆ ಹತ್ತು ಉತ್ತರಗಳು ಥಟ್ಟನೆ ದೊರೆಯುತ್ತವೆ. ಏತಕ್ಕೆ ಎಂಬುದಕ್ಕೆ ಒಂದೂ ದೊರೆಯುವುದಿಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆ ಪ್ರಸಂಗವನ್ನೂ ಅದರಿಂದ ನಾವು ಕಲಿತುದನ್ನೂ ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವಿರುವುದು ಬೆಂಗಳೂರಿನ ನಾಯಂಡಹಳ್ಳಿಯಲ್ಲಿ. ಊರಿನ ಹೆಸರಿನಲ್ಲಿ ಹಳ್ಳಿ ಉಳಿದಿದೆ, ಊರಿನಲ್ಲಿ ಉಳಿದಿಲ್ಲ. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಸ್ಥಳದಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಲಾರಿಗಳ ಸದ್ದು ನಿಲ್ಲುವುದಿಲ್ಲ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಜನ ನಂಬಿರುವ ವೃಷಭಾವತಿ ಇಲ್ಲಿಗೆ ಬರುವಷ್ಟರಲ್ಲಿ ಕಪ್ಪು ನೀರಾಗಿರುತ್ತಾಳೆ. ಆದ್ದರಿಂದ ನಮ್ಮ ಹಿರಿಯ ಮಗ, "ಅಪ್ಪಾಜಿ, ಈ ಸಲ ನೀವೂ ಅವ್ವನೂ ಹಸಿರು ಇರುವ ಕಡೆ ನಾಲ್ಕು ದಿನ ಇದ್ದು ಬರಬೇಕು" ಎಂದಾಗ ನಾವು ಬೇಡವೆನ್ನಲಿಲ್ಲ.

ಮರುವಾರವೇ ಅವನು ಪ್ರವಾಸ ಸಂಸ್ಥೆಯೊಂದರ ಬಣ್ಣದ ಪುಸ್ತಿಕೆಯನ್ನು ತಂದನು. ಹನ್ನೆರಡು ದಿನ, ಏಳು ದೇಶ. ಬೆಳಿಗ್ಗೆ ಆರಕ್ಕೆ ಎದ್ದರೆ ರಾತ್ರಿ ಒಂಬತ್ತಕ್ಕೆ ಮತ್ತೊಂದು ಊರಿನ ಹೋಟೆಲು. ನಮ್ಮ ಮನೆಯವರು ಧಾರವಾಡದ ಕಡೆಯವರು. ಅವರು ಕನ್ನಡಕ ಏರಿಸಿಕೊಂಡು ಪುಸ್ತಿಕೆಯನ್ನು ಕೊನೆಯವರೆಗೂ ಓದಿ, ನಮ್ಮತ್ತ ತಿರುಗಿ ಒಂದೇ ಮಾತು ಕೇಳಿದರು: "ಇದರಾಗ ಎಲ್ಲೆರ ಕುಂತು ಒಂದು ಎಳಿ ದಾರಾ ನೋಡಾಕ ಹೊತ್ತು ಸಿಗ್ತದೇನ್ರಿ?"

ಈ ಮಾತಿಗೆ ಹಿನ್ನೆಲೆಯುಂಟು.

ಅರ್ಧಕ್ಕೆ ನಿಂತ ಗೋಪುರ

ನಮ್ಮ ಮನೆಯವರಿಗೆ ಕಸೂತಿ ತಾಯಿಯಿಂದ ಬಂದ ವಿದ್ಯೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಎಲ್ಲಿಯೂ ಗಂಟು ಕಾಣಕೂಡದು. ಗೋಪುರ, ಆನೆ ಅಂಬಾರಿ, ಪಲ್ಲಕ್ಕಿ, ತೊಟ್ಟಿಲು, ನಂದಿ ಮೊದಲಾದವು ಹೀಗೆ ಎಣಿಕೆಯಿಂದಲೇ ಮೂಡಿಬರುತ್ತವೆ.

ನಮ್ಮ ಅತ್ತೆಯವರು ಮಗಳಿಗೆಂದು ಕಪ್ಪು ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರದ ಸಾಲೊಂದನ್ನು ಆರಂಭಿಸಿದ್ದರು. ಕೊನೆಯ ಗೋಪುರ ಅರ್ಧಕ್ಕೆ ನಿಂತಿರುವಾಗ ಅವರು ಲಿಂಗೈಕ್ಯರಾದರು. ಆ ಸೀರೆ ಮೂವತ್ತು ವರ್ಷ ನಮ್ಮ ಟ್ರಂಕಿನಲ್ಲಿಯೇ ಇತ್ತು. ಜೊತೆಗೆ ಒಂದು ತಗಡಿನ ಡಬ್ಬಿ. ಅದರಲ್ಲಿ ತೀರಿಹೋದ ಕೆಂಪು ದಾರದ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಡಿಎಂಸಿ ಎಂಬ ಮೂರಕ್ಷರ, 321 ಎಂಬ ಅಂಕಿ. ಮೊಮ್ಮಗಳ ಮದುವೆಗೆ ಆ ಸೀರೆಯನ್ನು ಪೂರ್ಣಗೊಳಿಸಿ ಕೊಡಬೇಕೆಂಬುದು ಮನೆಯವರ ಆಸೆ. ಆದರೆ ಕಳೆದ ವರ್ಷ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು, ಬಲಗಣ್ಣಿನದು ಬಾಕಿಯಿದೆ. ಸೂಕ್ಷ್ಮ ಕೆಲಸವನ್ನು ದಿನಕ್ಕೆ ಒಂದು ಗಂಟೆ, ಅದೂ ಹಗಲು ಬೆಳಕಿನಲ್ಲಿ ಮಾತ್ರ ಮಾಡಬೇಕೆಂದು ವೈದ್ಯರ ಕಟ್ಟಪ್ಪಣೆ. ಹೀಗಾಗಿ ಅವರ ಪಾಲಿಗೆ ಕಾಲವೆಂಬುದು ಗಂಟೆಯ ಲೆಕ್ಕವಾಗಿತ್ತು. ಹನ್ನೆರಡು ದಿನ ಬಸ್ಸಿನ ಕಿಟಕಿಯಿಂದ ಏಳು ದೇಶ ನೋಡುವುದೆಂದರೆ ಹನ್ನೆರಡು ಗಂಟೆಗಳನ್ನು ಕಳೆದುಕೊಂಡಂತೆ.

ಚಿಕ್ಕಪೇಟೆಯಲ್ಲಿ ಸಿಕ್ಕ ಕೆಂಪು

ಡಿಎಂಸಿ ಎಂದರೆ ಡೋಲ್ಫಸ್ ಮೀಗ್ ಮತ್ತು ಕಂಪನಿ. ಫ್ರಾನ್ಸಿನ ಗಡಿಯಲ್ಲಿರುವ ಮುಲೂಸ್ ಎಂಬ ಊರಿನದು. "ಹಾಗಾದರೆ ಅಲ್ಲಿಗೇ ಹೋಗಿ ಆ ದಾರ ತರೋಣ ಅವ್ವ" ಎಂದು ಮಗ ಉತ್ಸಾಹಗೊಂಡನು. ನಮಗೆ ಮಾತ್ರ, ಮೊದಲು ನಮ್ಮೂರಿನಲ್ಲಿ ವಿಚಾರಿಸಬೇಕೆನ್ನಿಸಿತು. 2021ರ ಆಗಸ್ಟ್‌ನಿಂದ ನಾಯಂಡಹಳ್ಳಿಗೆ ಮೆಟ್ರೋ ಬಂದಿದೆ. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿನ ದಾರದ ಅಂಗಡಿಯವರು 321 ಎಂದೊಡನೆ ಆರು ಲಡಿ ತೆಗೆದು ಮುಂದಿಟ್ಟರು. ಮುಲೂಸಿಗೆ ಹೋಗುವ ಕಾರಣ ಅರ್ಧ ತಾಸಿನಲ್ಲಿ ಮುಗಿದುಹೋಯಿತು!

ಮನೆಗೆ ಬಂದು ಹಳೆಯ ಸೆರಗಿನ ಪಕ್ಕದಲ್ಲಿ ಹೊಸ ದಾರವನ್ನಿಟ್ಟು ನೋಡಿದರೆ ಎರಡು ಕೆಂಪೂ ಹೊಂದಲಿಲ್ಲ. ಅಂಕಿ ಒಂದೇ, ಆದರೆ ಹಳೆಯದು ಇಷ್ಟು ವರ್ಷಗಳಲ್ಲಿ ಮಾಗಿತ್ತು. ಬೇರೆ ಛಾಯೆ ಹುಡುಕೋಣವೆಂದು ಮಗ ಹೇಳಿದನು. ನಮ್ಮ ಮನೆಯವರು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಸೂಜಿಗೆ ಹೊಸ ದಾರ ಪೋಣಿಸುತ್ತ, "ಅವ್ವನ ಕೆಂಪು ಅವ್ವಂದು, ನನ್ನ ಕೆಂಪು ನಂದು. ಎಲ್ಲಿಂದ ಯಾರು ಹಾಕ್ಯಾರ ಅನ್ನೂದು ಮೊಮ್ಮಗಳಿಗೆ ತಿಳೀಲಿ ಬಿಡ್ರಿ" ಎಂದರು.

ಇಲ್ಲಿಂದ ಮುಂದೆ ನಮ್ಮ ಪ್ರವಾಸದ ವಿಚಾರ ತಾನಾಗಿ ನೇರವಾಯಿತು. ಕೊಳ್ಳಲೇಬೇಕಾದುದು ಮನೆಯ ಬಳಿಯೇ ದೊರೆಯಿತಾದ್ದರಿಂದ, ನೋಡಲೇಬೇಕಾದುದೇನು ಎಂಬುದಷ್ಟೇ ಉಳಿಯಿತು. ಹವ್ಯಾಸವುಳ್ಳ ಬಂಧುಗಳಿಗೆ ನಮ್ಮ ಮೊದಲ ಸೂಚನೆ ಇದೇ: ನಮ್ಮ ಪೇಟೆಯಲ್ಲಿ ಸಿಗುವ ವಸ್ತುವನ್ನು ಪರದೇಶದಿಂದ ಹೊತ್ತು ತರುವ ಪಟ್ಟಿಯಿಂದ ಹೊರಡುವ ಮುನ್ನವೇ ಹೊಡೆದು ಹಾಕಬೇಕು.

ಹೋಲ್ಬೈನನ ಹೊಲಿಗೆ, ಧಾರವಾಡದ ಗವಂತಿ

ನಾವು ಮಠದ ಪಾಠಶಾಲೆಯಲ್ಲಿ ಓದಿದವರು. ಗ್ರಂಥ ನೋಡದೆ ಹೆಜ್ಜೆಯಿಡುವ ಅಭ್ಯಾಸ ನಮಗಿಲ್ಲ. ಕಸೂತಿಯ ವಿಷಯವಾಗಿ ಓದುತ್ತ ಹೋದಂತೆ ಒಂದು ವಿಸ್ಮಯ ಎದುರಾಯಿತು. ನಮ್ಮ ಗವಂತಿ ಹೊಲಿಗೆಯೇ ಯುರೋಪಿನಲ್ಲಿಯೂ ಉಂಟು. ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆಯೆಂದು ಹೆಸರು. ಹ್ಯಾನ್ಸ್ ಹೋಲ್ಬೈನ್ ಹದಿನಾರನೆಯ ಶತಮಾನದ ಚಿತ್ರಕಾರ. ಇಂಗ್ಲೆಂಡಿನ ರಾಜಮನೆತನದವರ ಚಿತ್ರಗಳಲ್ಲಿ ತೋಳಿನ ಅಂಚಿನ ಕಸೂತಿಯನ್ನು ಎಳೆ ಎಣಿಸುವಷ್ಟು ಸ್ಪಷ್ಟವಾಗಿ ಬರೆದುದರಿಂದ ಮುಂದೆ ಆ ಹೊಲಿಗೆಗೆ ಅವನ ಹೆಸರೇ ನಿಂತಿತು. ಯಾರು ಯಾರಿಂದ ಕಲಿತರೆಂಬ ವಾದ ಇಲ್ಲಿ ಬೇಡ. ಬಟ್ಟೆಯ ಎಳೆ ಎಣಿಸುವ ಕೈ ಎಲ್ಲಿದ್ದರೂ ಹೋಗಿಬರುವ ದಾರಿ ಒಂದೇ ಎನ್ನಬಹುದು.

ಈ ಹೋಲ್ಬೈನ್ ಬಾಳಿದ ಊರು ಸ್ವಿಟ್ಜರ್‌ಲೆಂಡಿನ ಬಾಸೆಲ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ 1834ರಲ್ಲಿ ನಮ್ಮ ಕರಾವಳಿಗೆ ಬಂದಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ, ಹೆಂಚಿನ ಕಾರ್ಖಾನೆಗಳನ್ನು ನಡೆಸಿದವರೂ ಅವರೇ. ಮಿಷನ್ನಿನ ಹಳೆಯ ಕಾಗದಪತ್ರಗಳ ಭಂಡಾರ ಇಂದಿಗೂ ಬಾಸೆಲ್‌ನಲ್ಲಿದೆ. ಅಲ್ಲಿಂದ ಡಿಎಂಸಿಯ ಮುಲೂಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಅತ್ತ ಪೂರ್ವಕ್ಕೆ ಕಸೂತಿಯಿಂದಲೇ ಬದುಕಿದ ಸೇಂಟ್ ಗಾಲೆನ್, ಅದರ ಬೆನ್ನಿಗೆ ಹಸುರು ಗುಡ್ಡಗಳ ಅಪೆನ್‌ಜೆಲ್. ಏಳು ದೇಶಗಳ ಬದಲು ನಾಲ್ಕು ಊರು ಸಾಕೆಂದು ನಾವು ನಿಶ್ಚಯಿಸಿದೆವು.

ಮೊದಲ ತಂಗು: ಸೇಂಟ್ ಗಾಲೆನ್, ಎರಡು ದಿನ

ಜ್ಯೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲಿಯೇ ರೈಲು ನಿಲ್ದಾಣವಿದೆ. ಸುಮಾರು ಒಂದು ಗಂಟೆಯಲ್ಲಿ ಸೇಂಟ್ ಗಾಲೆನ್ ತಲುಪಬಹುದು. ಮೊದಲು ನಾರುಬಟ್ಟೆಗೆ, ಅನಂತರ ಕಸೂತಿಗೆ ಹೆಸರಾದ ಊರಿದು. 1910ರ ಸುಮಾರಿಗೆ ಇಡೀ ಸ್ವಿಟ್ಜರ್‌ಲೆಂಡಿನ ರಫ್ತಿನಲ್ಲಿ ಗಡಿಯಾರವನ್ನೂ ಮೀರಿ ಕಸೂತಿಯೇ ಮೊದಲ ಸ್ಥಾನದಲ್ಲಿತ್ತು. ಮೊದಲ ಮಹಾಯುದ್ಧ ಬಂದಿತು, ಹೆಂಗಸರ ಉಡುಪಿನ ರೀತಿ ಬದಲಾಯಿತು, ಆ ಉದ್ಯಮ ಕುಸಿಯಿತು. ಒಂದು ಕಸುಬನ್ನೇ ನಂಬಿದ ಊರಿನ ಏಳುಬೀಳು ಹೇಗಿರುತ್ತದೆಂಬುದನ್ನು ನಮ್ಮ ನೇಕಾರ ಬಂಧುಗಳಿಗೆ ಹೇಳಬೇಕಾಗಿಲ್ಲ.

ಇಲ್ಲಿಯ ಹಳೆಯ ಸನ್ಯಾಸಿ ಮಠದ ಗ್ರಂಥಭಂಡಾರ ನಮ್ಮ ಸ್ವಂತ ಆಕರ್ಷಣೆ. 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಠವದು. ಭಂಡಾರದ ಬಾಗಿಲ ಮೇಲೆ, ಇದು ಆತ್ಮದ ಔಷಧಾಲಯ ಎಂಬರ್ಥದ ಗ್ರೀಕ್ ಬರಹವಿದೆ. ಮರದ ನೆಲ ಸವೆಯದಿರಲೆಂದು ಬಂದವರೆಲ್ಲರೂ ಬೂಟಿನ ಮೇಲೆ ಉಣ್ಣೆಯ ಮೆಟ್ಟು ಹಾಕಿಕೊಂಡೇ ಒಳಗೆ ಹೋಗಬೇಕಂತೆ. ಮಠದ ಅಟ್ಟದ ಮೇಲಿನ ತಾಡವಾಲೆಯ ಕಟ್ಟುಗಳ ಧೂಳು ಒರೆಸುತ್ತ ಬೆಳೆದ ನಮಗೆ ಆ ಕೋಣೆಯನ್ನು ಕಾಣುವ ಹಂಬಲ ಸಹಜವಷ್ಟೆ.

ಎರಡನೆಯ ತಂಗು: ಅಪೆನ್‌ಜೆಲ್, ಐದು ದಿನ

ಸೇಂಟ್ ಗಾಲೆನ್‌ನಿಂದ ಸಣ್ಣ ರೈಲು ಗುಡ್ಡಗಳ ನಡುವೆ ಸುತ್ತಿಕೊಂಡು ಅಪೆನ್‌ಜೆಲ್ ಮುಟ್ಟುತ್ತದೆ. ನಮ್ಮ ಪ್ರವಾಸದ ಹೃದಯಭಾಗವಿದು. ಹುಲ್ಲುಗಾವಲು, ಮರದ ಮನೆ, ಹಿಂದೆ ಬಂಡೆಯ ಬೆಟ್ಟ, ಹಸುಗಳ ಕೊರಳ ಗಂಟೆ. ಬೇಸಿಗೆಯ ಮೊದಲಲ್ಲಿ ರೈತರು ದನಗಳನ್ನು ಅಲಂಕರಿಸಿ ಬೆಟ್ಟದ ಮೇಲಿನ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಕಾರಹುಣ್ಣಿಮೆಯನ್ನು ನೆನಪಿಗೆ ತರುವ ನೋಟ. ವಾಸರಾವೆನ್ ಎಂಬಲ್ಲಿಯವರೆಗೆ ರೈಲು. ಅಲ್ಲಿಂದ ಎಬೆನಾಲ್ಪ್ ಬೆಟ್ಟಕ್ಕೆ ತಂತಿಯ ತೊಟ್ಟಿಲು. ಕಾಲು ಗಟ್ಟಿಯಿದ್ದವರು ಜೆಯಾಲ್ಪ್‌ಜೆ ಎಂಬ ಸರೋವರಕ್ಕೆ ಒಂದು ಗಂಟೆ ನಡೆದು ಹೋಗಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆಗಳ ಹೆಣ್ಣುಮಕ್ಕಳು ಕಿಟಕಿಯ ಬಳಿ ಕುಳಿತು ಬಿಳಿಯ ಬಟ್ಟೆಯ ಮೇಲೆ ಬಿಳಿಯ ದಾರದಿಂದ ಮಾಡಿದ ಕೈಕಸೂತಿ ಹೊರದೇಶಗಳಿಗೆ ಹೋಗುತ್ತಿತ್ತು. ಊರಿನ ವಸ್ತುಸಂಗ್ರಹಾಲಯದಲ್ಲಿ ಅದರ ಮಾದರಿಗಳಿವೆ. ಸೂಜಿಯಿಂದ ಮನೆ ನಡೆಸಿದ ಆ ನಾಡಿನ ಹೆಂಗಸರಿಗೆ ತಮ್ಮ ಪ್ರಾಂತದ ಆಡಳಿತದಲ್ಲಿ ಮತ ಹಾಕುವ ಹಕ್ಕು ದೊರೆತದ್ದು 1990ರಲ್ಲಿ, ಅದೂ ದೇಶದ ಉಚ್ಚ ನ್ಯಾಯಪೀಠದ ತೀರ್ಪಿನಿಂದ! ನಮ್ಮ ತಾಯಂದಿರು 1951–52ರ ಮೊದಲ ಮಹಾಚುನಾವಣೆಯಲ್ಲಿಯೇ ಮತ ಹಾಕಿ ಬಂದಿದ್ದರು. ಪರದೇಶವೆಲ್ಲವೂ ನಮಗಿಂತ ಮುಂದಿದೆಯೆಂದು ಭಾವಿಸುವ ತರುಣರು ಇದನ್ನು ಗಮನಿಸಬೇಕು.

ಇಲ್ಲಿ ನಾವು ಹೋಟೆಲು ಬಿಟ್ಟು, ಅಡಿಗೆಮನೆಯಿರುವ ಸಣ್ಣ ಬಾಡಿಗೆ ಮನೆಯನ್ನು ಆರಿಸಿದ್ದೇವೆ. ಹೊರಡುವುದು ಜೂನ್ ತಿಂಗಳಲ್ಲಿ. ಆಗ ಅಲ್ಲಿ ಹಗಲು ಸುಮಾರು 16 ಗಂಟೆ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಹಗಲು ಬೆಳಕು ಬೇಕೆಂದ ವೈದ್ಯರ ಮಾತಿಗೂ ಇದು ಹೊಂದಿತು. ದಿನದ ಒಂದು ಗಂಟೆಯ ಹೊಲಿಗೆ ನಾಯಂಡಹಳ್ಳಿಯಲ್ಲಿ ತಪ್ಪದಿರುವಂತೆ ಅಲ್ಲಿಯೂ ತಪ್ಪುವುದಿಲ್ಲ.

ಮೂರನೆಯ ತಂಗು: ಬಾಸೆಲ್, ಮೂರು ದಿನ

ಬಾಸೆಲ್‌ನ ಕಲಾಸಂಗ್ರಹಾಲಯದಲ್ಲಿ ಹೋಲ್ಬೈನ್ ತನ್ನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಬರೆದ ಚಿತ್ರವಿದೆ. ಅರಮನೆಯ ವೈಭವ ಅದರಲ್ಲಿಲ್ಲ. ಪ್ರತಿಕೃತಿಯಲ್ಲಿ ನೋಡಿದಾಗಲೇ ಆ ತಾಯಿಯ ದಣಿದ ಕಣ್ಣುಗಳು ನಮ್ಮ ಮನೆಯವರನ್ನು ಹಿಡಿದು ನಿಲ್ಲಿಸಿದವು. ಒಂದು ದಿನ ಮುಲೂಸ್‌ಗೆ. 1746ರಲ್ಲಿ ಆ ಊರಿನ ಉದ್ಯಮ ಆರಂಭವಾದದ್ದು ಭಾರತದ ಛಾಪು ಬಟ್ಟೆಗಳನ್ನು ಅನುಕರಿಸಿ ಅಚ್ಚು ಹಾಕುವುದರಿಂದ. ಆ ಬಟ್ಟೆಗೆ ಫ್ರೆಂಚರು ಇಟ್ಟ ಹೆಸರೇ 'ಆಂದಿಯೆನ್', ಅಂದರೆ ಇಂಡಿಯಾದ್ದು. ಅದೇ ಮನೆತನದ ಡೇನಿಯಲ್ ಡೋಲ್ಫಸ್ 1800ರಲ್ಲಿ ಮೀಗ್ ಮನೆತನದ ಹೆಣ್ಣನ್ನು ವಿವಾಹವಾಗಿ, ಪತ್ನಿಯ ಮನೆತನದ ಹೆಸರನ್ನೂ ತನ್ನ ಸಂಸ್ಥೆಗೆ ಸೇರಿಸಿದನು. ಭಾರತದ ಬಟ್ಟೆ ಅಲ್ಲಿಗೆ ಹೋಯಿತು, ಅಲ್ಲಿಯ ದಾರ ಧಾರವಾಡಕ್ಕೆ ಬಂದಿತು. ಅತ್ತೆಯವರ ಡಬ್ಬಿಯಲ್ಲಿದ್ದ ಮೂರಕ್ಷರದ ಹಿಂದೆ ಇಷ್ಟು ಚರಿತ್ರೆಯಿತ್ತು.

ಬಾಸೆಲ್‌ನ ರೈನ್ ನದಿಯನ್ನೂ ನಾವು ನೋಡಬೇಕಾಗಿದೆ. 1986ರ ನವೆಂಬರ್ 1ರಂದು ಅಲ್ಲಿನ ರಾಸಾಯನಿಕ ಗೋದಾಮೊಂದಕ್ಕೆ ಬೆಂಕಿ ಬಿದ್ದು, ಆರಿಸಿದ ನೀರಿನೊಡನೆ ವಿಷ ಸೇರಿ ನದಿ ಕೆಂಪಾಯಿತು. ಲೆಕ್ಕವಿಲ್ಲದಷ್ಟು ಮೀನು ಸತ್ತವು. ದಂಡೆಯ ದೇಶಗಳೆಲ್ಲ ಕೂಡಿ ಶ್ರಮಿಸಿದುದರಿಂದ ಇಂದು ಅದೇ ನದಿಯಲ್ಲಿ ಬೇಸಿಗೆಯ ಸಂಜೆ ಜನ ಈಜುತ್ತಾರೆ. ವೃಷಭಾವತಿಯ ದಂಡೆಯವರಿಗೆ ಇದಕ್ಕಿಂತ ದೊಡ್ಡ ಪಾಠ ಆ ದೇಶದಲ್ಲಿ ಬೇರೊಂದಿಲ್ಲ.

ಇಲ್ಲೊಂದು ತ್ಯಾಗದ ಮಾತನ್ನೂ ಹೇಳಬೇಕು. ಕಿಟ್ಟೆಲ್ಲರು 1903ರಲ್ಲಿ ಕಣ್ಮುಚ್ಚಿದ ಜರ್ಮನಿಯ ಟ್ಯೂಬಿಂಗೆನ್‌ಗೆ ಹೋಗಬೇಕೆಂಬುದು ನಮ್ಮ ನಲವತ್ತು ವರ್ಷಗಳ ಆಸೆ. ಆದರೆ ಅದನ್ನು ಸೇರಿಸಿದರೆ ಅಪೆನ್‌ಜೆಲ್‌ನ ಎರಡು ದಿನ ಹೋಗುತ್ತಿತ್ತು. ನಾವೇ ಹೊಡೆದು ಹಾಕಿದೆವು. ನಮ್ಮ ಓದು ಕನ್ನಡಕ ಬದಲಿಸಿಕೊಂಡು ಇನ್ನೂ ಹತ್ತು ವರ್ಷ ನಡೆದೀತು. ಅವರ ಸೂಜಿಗೆ ಅಷ್ಟು ವ್ಯವಧಾನವಿಲ್ಲ.

ಹೊರಡುವವರಿಗೆ ಕೆಲವು ಸೂಚನೆಗಳು

ಸ್ವಿಟ್ಜರ್‌ಲೆಂಡ್, ಫ್ರಾನ್ಸ್, ಜರ್ಮನಿ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕವನ್ನು 90 ಯೂರೋಗೆ ಏರಿಸಲಾಯಿತು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಸ್ವಿಸ್ ಟ್ರಾವೆಲ್ ಪಾಸ್ ಎಂಬ ಒಂದೇ ಚೀಟಿಯಲ್ಲಿ ರೈಲು, ಬಸ್ಸು, ದೋಣಿಗಳ ಪ್ರಯಾಣವೂ 500ಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳ ಪ್ರವೇಶವೂ ಸೇರಿರುತ್ತವೆ. ಮುಲೂಸ್ ಫ್ರಾನ್ಸಿನಲ್ಲಿರುವುದರಿಂದ ಅಲ್ಲಿಗೆ ಬೇರೆ ಟಿಕೀಟು ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬಹುತೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಆದ್ದರಿಂದ ಭಾನುವಾರವನ್ನು ಬೆಟ್ಟಕ್ಕೂ ವಾರದ ದಿನಗಳನ್ನು ಪೇಟೆಗೂ ಇಟ್ಟುಕೊಳ್ಳುವುದು ಜಾಣತನ.

ಆಹಾರದಲ್ಲಿ ಬಹಳ ಎಚ್ಚರಿಕೆ ಅಗತ್ಯ. ಅಲ್ಲಿನ ಹೆಸರಾಂತ ಗಿಣ್ಣುಗಳಿಗೆ, ಅಂದರೆ ಚೀಸ್‌ಗೆ, ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ದ್ರವವನ್ನು ಬಳಸುವುದು ಸಂಪ್ರದಾಯ. ಸಸ್ಯಾಹಾರವೆಂದು ಬರೆದಿದ್ದರೂ ಇದು ಇರಬಹುದು. ಆಲೂಗಡ್ಡೆಯ ರೋಸ್ತಿ ರುಚಿಯಾದುದೇ. ಆದರೆ ಹಂದಿಮಾಂಸದ ಚೂರು ಸೇರಿಸಿರುವುದುಂಟು, ಕೇಳಿಯೇ ತಿನ್ನಬೇಕು. ಇಲ್ಲಿಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಒಯ್ಯಬಹುದು. ಹಾಲಿನ ಪದಾರ್ಥ ಒಯ್ಯಲು ಅನುಮತಿಯಿಲ್ಲ. ತುಪ್ಪವನ್ನೂ ಧಾರವಾಡ ಪೇಢೆಯನ್ನೂ ಮನೆಯಲ್ಲಿಯೇ ಬಿಡಬೇಕು. ಪೂಜೆಯ ವೇಳೆ ಕೋಣೆಯಲ್ಲಿ ಕರ್ಪೂರ, ಊದುಬತ್ತಿ ಹಚ್ಚಕೂಡದು. ಹೊಗೆ ತಾಕಿದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ನೀರು, ವಿಭೂತಿ, ಪತ್ರೆಗೆ ಬದಲಾಗಿ ಅಲ್ಲಿ ಕೊಂಡ ಒಂದು ಹೂವು, ಇಷ್ಟರಲ್ಲಿಯೇ ಲಿಂಗಪೂಜೆ ನಡೆಯುತ್ತದೆ.

ಹೊಲಿಗೆಯವರು ಕತ್ತರಿ, ಸೂಜಿಗಳನ್ನು ವಿಮಾನದೊಳಗಿನ ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಬೇಕು. ಕೊಳ್ಳುವುದರಲ್ಲಿ ನಮ್ಮ ಮನೆಯವರ ಪಟ್ಟಿ ಎರಡೇ ಸಾಲಿನದು: ಅಡ್ಡ ಉದ್ದ ಎರಡೂ ಕಡೆ ಎಳೆ ಸಮನಾಗಿರುವ ನಾರುಬಟ್ಟೆ ಎರಡು ಮೀಟರು, ಒಂದು ಒಳ್ಳೆಯ ಸಣ್ಣ ಕತ್ತರಿ. ಬಟ್ಟೆ ತಮಗಲ್ಲ, ಮೊಮ್ಮಗಳು ಗವಂತಿ ಕಲಿಯಲಿಕ್ಕೆ. ಕೊಡಲಿಕ್ಕೆಂದು ತಾವೇ ಹಾಕಿದ ತೊಟ್ಟಿಲಿನ ಚಿತ್ರದ ನಾಲ್ಕು ಕರವಸ್ತ್ರಗಳನ್ನೂ ಇಟ್ಟುಕೊಂಡಿದ್ದಾರೆ. ಭಾಷೆ ಬಾರದ ಊರಿನಲ್ಲಿ ಅವು ಮಾತನಾಡುತ್ತವೆಂದು ಅವರ ನಂಬಿಕೆ.

ಕೊನೆಯದಾಗಿ ಒಂದು ಮಾತು. ಸಾಲ ಮಾಡಿ, ನೆರೆಯವರನ್ನು ನೋಡಿ ಹೊರಡುವ ಪ್ರವಾಸ ಬೇಡ. ಹಿರಿಯರನ್ನು ಕರೆದೊಯ್ಯುವ ಮಕ್ಕಳು ದೇಶಗಳ ಪಟ್ಟಿ ಮುಂದಿಡುವ ಮೊದಲು, ನಿಮ್ಮ ಕೈಗೆ ಏನು ಇಷ್ಟ ಎಂದು ಕೇಳಲಿ. ಒಬ್ಬರಿಗೆ ಹೂಗಿಡ, ಒಬ್ಬರಿಗೆ ಪುಸ್ತಕ, ಇನ್ನೊಬ್ಬರಿಗೆ ವೀಣೆಯ ತಂತಿ ಇರಬಹುದು. ಆ ಎಳೆಯನ್ನು ಹಿಡಿದರೆ ದಾರಿ ತಾನಾಗಿ ತೋರುತ್ತದೆ. ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ.

ಈ ಲೇಖನ ಬರೆಯುವ ಹೊತ್ತಿಗೆ ಸೆರಗಿನ ಕೊನೆಯ ಗೋಪುರಕ್ಕೆ ಕಳಸ ಮಾತ್ರ ಬಾಕಿಯಿದೆ. ಅದನ್ನು ಇಲ್ಲಿ ಮುಗಿಸದೆ ಅಪೆನ್‌ಜೆಲ್‌ನ ಕಿಟಕಿಯ ಬಳಿ ಕುಳಿತು ಮುಗಿಸುವುದೆಂದು ನಮ್ಮ ಮನೆಯವರು ಸೀರೆಯನ್ನು ಪೆಟ್ಟಿಗೆಗೆ ಸೇರಿಸಿದ್ದಾರೆ.